ಒಸಿಯೊ ಕೇಳಿದ್ದೀರಾ? ಸ್ಟೇಡಿಯಂ ಬಿಟ್ಟು ಕ್ಲಬ್ ಸಂಗೀತಕ್ಕೆ ಬಂದ ಅರ್ಜೆಂಟೀನಾದ ಜೋಡಿ

ರಾತ್ರಿರೇಡಿಯೋ:

ಎಲ್ಲರಿಗೂ ನಮಸ್ಕಾರ. ನಮ್ಮ ಈ ವೇದಿಕೆಯಲ್ಲಿ ಟೆಕ್ನೋ, ಹೌಸ್ (ಕ್ಲಬ್‌ಗಳಲ್ಲಿ ಕುಣಿಯಲು ಮಾಡಿದ ಎಲೆಕ್ಟ್ರಾನಿಕ್ ಸಂಗೀತ) ಅಂದ ಕೂಡಲೇ ಮಾತು ಡೆಟ್ರಾಯ್ಟ್, ಶಿಕಾಗೋ, ಬರ್ಲಿನ್ ಕಡೆಗೇ ಹೋಗುತ್ತದೆ. ಹೋಗಲಿ, ತಪ್ಪೇನಿಲ್ಲ. ಆದರೆ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಬಗ್ಗೆ ಚರ್ಚೆಯ ಒಂದು ಎಳೆಯೂ ಇಲ್ಲ ಅನ್ನೋದು ನನಗೆ ಬೇಜಾರು. ಅದಕ್ಕೇ ಇದನ್ನು ಶುರು ಮಾಡುತ್ತಿದ್ದೇನೆ.

ಒಸಿಯೊ ಅಂದರೆ ಇಬ್ಬರೇ. ಒಬ್ಬರು ಫ್ಲಾವಿಯೋ ಎಚೆತೋ. ಇನ್ನೊಬ್ಬರು ಗುಸ್ತಾವೋ ಸೆರಾತಿ. ಸೆರಾತಿ ಹೆಸರು ಕೇಳದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1982ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೂವರು ಸೇರಿ ಸೋಡಾ ಸ್ಟೀರಿಯೋ ಅನ್ನೋ ರಾಕ್ ತಂಡ ಕಟ್ಟಿದರು. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲೆಲ್ಲ ಆ ತಂಡಕ್ಕೆ ಸಿಕ್ಕ ಪ್ರೀತಿ ಅಷ್ಟಿಷ್ಟಲ್ಲ. ಸೆರಾತಿ ಅದರ ಗಾಯಕ, ಗಿಟಾರ್ ವಾದಕ. 1997ರ ಸೆಪ್ಟೆಂಬರ್ 20ರಂದು ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ ತಂಡ ವಿದಾಯದ ಕಾರ್ಯಕ್ರಮ ಕೊಟ್ಟಿತು. ಫುಟ್ಬಾಲ್ ಸ್ಟೇಡಿಯಂ ತುಂಬ ಜನ, ಎಲ್ಲರಿಗೂ ಪ್ರತಿ ಸಾಲೂ ಬಾಯಿಪಾಠ.

ಆಮೇಲೆ 1999ರಲ್ಲಿ ಅದೇ ಮನುಷ್ಯನ ಎರಡು ಆಲ್ಬಂ ಬಂದವು. ಒಂದು ತನ್ನ ಹೆಸರಲ್ಲೇ ಬಂದ 'ಬೊಕಾನಾದಾ'. ಅದು ಎಲ್ಲರಿಗೂ ಗೊತ್ತು. ಇನ್ನೊಂದು ಎಚೆತೋ ಜೊತೆ ಒಸಿಯೊ ಹೆಸರಲ್ಲಿ ಮಾಡಿದ 'ಮೆದೀದಾ ಊನಿವೆರ್ಸಾಲ್'. ಇದನ್ನು ಕೇಳಿದವರು ಕಡಿಮೆ. ಸ್ಟೇಡಿಯಂ ಜನ ಕಾಯುವ ಕೋರಸ್ ಇದರಲ್ಲಿ ಇಲ್ಲ. ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು), ಬೀಟ್, ಸಣ್ಣ ಸಣ್ಣ ಸದ್ದುಗಳು, ಅಷ್ಟೇ. ಇದನ್ನು ದೊಡ್ಡ ತಾರೆಯ ಬಿಡುವಿನ ಕೆಲಸ ಅಂತ ಬದಿಗಿಡುವವರು ಬಹಳ. ನನಗೆ ಅದು ಸರಿ ಕಾಣುವುದಿಲ್ಲ. ನನ್ನ ಕಿವಿಗೆ ಇದು ಅಂಡರ್‌ಗ್ರೌಂಡ್ ರೆಕಾರ್ಡೇ, ಅಂದರೆ ದೊಡ್ಡ ಮಾರುಕಟ್ಟೆಯ ಹೊರಗಿನದು. ಅರ್ಜೆಂಟೀನಾದ ಕ್ಲಬ್ ಸಂಗೀತ ಅರ್ಥ ಆಗಬೇಕಾದರೆ ಇಂಥ ಜೋಡಿಗಳಿಂದಲೇ ಶುರು ಮಾಡಬೇಕು ಅಂತ ನನ್ನ ಅನಿಸಿಕೆ. ನೀವು ಏನಂತೀರಿ?

ಕ್ಯಾಸೆಟ್‌ಪೆಟ್ಟಿಗೆ:

ಸೆರಾತಿ ನನಗೂ ಇಷ್ಟ. ಆದರೆ ಒಂದು ತಕರಾರು ಇದೆ. ಒಂದು ಖಂಡಕ್ಕೇ ಗೊತ್ತಿರೋ ಮನುಷ್ಯನ ರೆಕಾರ್ಡನ್ನು ಅಂಡರ್‌ಗ್ರೌಂಡ್ ಅಂತ ಹೇಗೆ ಕರೆಯೋದು? ಅವರಿಗೆ ಸ್ಟುಡಿಯೋ ಇತ್ತು, ದುಡ್ಡಿತ್ತು, ಬರೆಯೋ ಪತ್ರಕರ್ತರು ಇದ್ದರು. ಕ್ಲಬ್‌ನಲ್ಲಿ ಬೆಳಗಿನ ಜಾವದವರೆಗೆ ನುಡಿಸಿ ಬಸ್ಸಲ್ಲಿ ಮನೆಗೆ ಹೋಗುವ ಹುಡುಗರದ್ದು ಅಂಡರ್‌ಗ್ರೌಂಡ್. ಇವರದ್ದು ಅಲ್ಲ.

ರಾತ್ರಿರೇಡಿಯೋ:

ಒಳ್ಳೆ ಪ್ರಶ್ನೆ. ದುಡ್ಡಿನ ವಿಷಯ ಒಪ್ಪುತ್ತೇನೆ. ಆದರೆ ಸೆರಾತಿ ಈ ಕಡೆ ಬಂದ ದಾರಿ ನೋಡಿ. ಅದು 1999ರಲ್ಲಿ ಏಕಾಏಕಿ ಬಂದ ಹುಕಿ ಅಲ್ಲ.

1992ರಲ್ಲೇ ದಾನಿಯೆಲ್ ಮೆಲೆರೋ ಜೊತೆ ಸೇರಿ 'ಕೊಲೋರೆಸ್ ಸಾಂತೋಸ್' ಮಾಡಿದರು. ಅದೂ ಇಬ್ಬರದೇ ಆಲ್ಬಂ. ಮೆಲೆರೋ ಯಾರು ಅನ್ನೋದು ಮುಖ್ಯ. ಅರ್ಜೆಂಟೀನಾದಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂಥ್) ಇಟ್ಟುಕೊಂಡು ಮೊದಲು ಎದ್ದು ನಿಂತವರಲ್ಲಿ ಅವರ ತಂಡ ಲೋಸ್ ಎನ್‌ಕಾರ್ಗಾದೋಸ್ ಕೂಡ ಒಂದು. 1982ರ ಬಾರಾಕ್ ಅನ್ನೋ ರಾಕ್ ಸಂಗೀತ ಉತ್ಸವದಲ್ಲಿ ಗಿಟಾರ್ ಬಯಸಿ ಬಂದಿದ್ದ ಜನ ಅವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು. ಅಷ್ಟಾದರೂ ಮೆಲೆರೋ ಬಿಡಲಿಲ್ಲ. 1986ರಲ್ಲಿ 'ಸಿಲೆನ್ಸಿಯೋ' ಆಲ್ಬಂ ತಂದರು. ಸೋಡಾ ಸ್ಟೀರಿಯೋದ 1984ರ ಮೊದಲ ಆಲ್ಬಂನಲ್ಲೇ ಮೆಲೆರೋ ಬರೆದ ಒಂದು ಹಾಡು ಇದೆ. ಅಂದರೆ ಈ ನಂಟು ಶುರುವಿನಿಂದಲೂ ಇತ್ತು.

ಆಮೇಲೆ 1996ರಲ್ಲಿ ಚಿಲಿಯ ಮೂವರು ಸಂಗೀತಗಾರರ ಜೊತೆ 'ಪ್ಲಾನ್ ವಿ' ಅನ್ನೋ ಗುಂಪು. ಸೋಡಾ ಇನ್ನೂ ಇದ್ದಾಗಲೇ ಇದು ಆಗಿದ್ದು. 1998ರಲ್ಲಿ ಅದೇ ಗುಂಪು ಬ್ರಿಟನ್ನಿನ ಎಲೆಕ್ಟ್ರಾನಿಕ್ ತಂಡ ದಿ ಬ್ಲ್ಯಾಕ್ ಡಾಗ್ ಜೊತೆ ಸೇರಿ ಇನ್ನೊಂದು ರೆಕಾರ್ಡ್ ತಂದಿತು. ಅದಾದ ಮೇಲೆ ಒಸಿಯೊ. ನಂತರ ಎಚೆತೋ ಮತ್ತು ಲೆಯಾಂದ್ರೋ ಫ್ರೆಸ್ಕೋ ಜೊತೆ ಸೆರಾತಿ ಸೇರಿ ರೋಕೆನ್ ಅನ್ನೋ ಮೂವರ ಗುಂಪು. ಸ್ಟೇಡಿಯಂ ಒಂದು ಕಡೆ ನಡೆಯುತ್ತಿದ್ದರೆ, ಈ ಸಣ್ಣ ಗುಂಪುಗಳ ಕೆಲಸ ಇನ್ನೊಂದು ಕಡೆ ನಡೆಯುತ್ತಲೇ ಇತ್ತು. ತನ್ನ ಮುಖ, ತನ್ನ ಗಂಟಲು ಎರಡನ್ನೂ ಪಕ್ಕಕ್ಕಿಟ್ಟು ಬರೀ ಸದ್ದಿನ ಮೇಲೆ ಕೆಲಸ ಮಾಡಿದ ಮನುಷ್ಯನನ್ನು ಹೆಸರಿನ ಕಾರಣಕ್ಕೇ ಹೊರಗಿಡೋದು ನನಗೆ ನ್ಯಾಯ ಅನಿಸುವುದಿಲ್ಲ.

ಕ್ಯಾಸೆಟ್‌ಪೆಟ್ಟಿಗೆ:

ಬಾರಾಕ್ ಕತೆ ನನಗೆ ಗೊತ್ತಿರಲಿಲ್ಲ. ಬಹಳ ತೂಕದ ವಿಷಯ. ಆದರೂ ನನ್ನ ಮಾತು ಅಲ್ಲೇ ಇದೆ. ಒಸಿಯೊ ಒಳ್ಳೆಯ ರೆಕಾರ್ಡ್, ಸರಿ. ಕುಣಿಯುವವರ ನಡುವೆ ಹುಟ್ಟಿದ ರೆಕಾರ್ಡ್ ಬೇರೆ. ಅಂಥ ಜೋಡಿಗಳ ಬಗ್ಗೆಯೂ ಯಾರಾದರೂ ಬರೆಯಲಿ.

ಮಲೆನಾಡಹುಡುಗಿ:

ಸುಮ್ನೆ ಓದಿಕೊಂಡು ಹೋಗೋಣ ಅಂತ ಬಂದವಳು ನಾನು, ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಈ ಕ್ಲಬ್ ರೆಕಾರ್ಡ್‌ಗಳು ಎಂಟು ನಿಮಿಷ, ಒಂಬತ್ತು ನಿಮಿಷ ಯಾಕೆ ಇರುತ್ತವೆ? ಮೊದಲ ಒಂದು ನಿಮಿಷ ಬರೀ ಢಮ್ ಢಮ್. ಕೊನೆಯ ಒಂದು ನಿಮಿಷವೂ ಅದೇ. ನಡುವೆ ಚೆನ್ನಾಗಿರುತ್ತದೆ. ನಾನು ತಪ್ಪಾಗಿ ಕೇಳುತ್ತಿದ್ದೀನಾ?

ಲೂಪ್‌ಮನೆ:

ಮೇಡಂ, ಕೇಳೋದರಲ್ಲಿ ತಪ್ಪೇನಿಲ್ಲ. ಆ ಒಂದು ನಿಮಿಷ ನಿಮಗಾಗಿ ಇಟ್ಟಿದ್ದಲ್ಲ, ಡೀಜೆಗೆ ಇಟ್ಟಿದ್ದು. ನಾನು ಮನೆಯಲ್ಲೇ ಸ್ವಲ್ಪ ಸಂಗೀತದ ಪ್ರೊಡಕ್ಷನ್ ಮಾಡುತ್ತೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಹೌಸ್ ಸಂಗೀತ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 128 ಬೀಟ್ ವೇಗದಲ್ಲಿ ಇರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಎರಡು ಪೆಟ್ಟು. ನಾಲ್ಕು ಪೆಟ್ಟಿಗೆ ಒಂದು ಆವರ್ತ. 125ರ ವೇಗದಲ್ಲಿ 32 ಆವರ್ತ ಮುಗಿಯಲು ಸುಮಾರು ಒಂದು ನಿಮಿಷ ಬೇಕು. ಡೀಜೆ ಒಂದು ರೆಕಾರ್ಡ್ ಮುಗಿಯುವ ಮೊದಲೇ ಇನ್ನೊಂದನ್ನು ಅದರ ಮೇಲೆ ಕೂರಿಸಬೇಕು, ಕುಣಿತ ನಿಲ್ಲಬಾರದು. ಹಳೆಯದರ ಕೊನೆಯಲ್ಲೂ ಹೊಸದರ ಮೊದಲಲ್ಲೂ ಬರೀ ತಾಳ ಇದ್ದರೆ ಎರಡೂ ಜಗಳ ಆಡುವುದಿಲ್ಲ. ಎರಡರಲ್ಲೂ ರಾಗ ಇದ್ದರೆ ಶ್ರುತಿ ಕೆಡುತ್ತದೆ. ಅದಕ್ಕೇ ಶುರುವಿನಲ್ಲಿ, ಕೊನೆಯಲ್ಲಿ ಖಾಲಿ ಜಾಗ ಬಿಡೋದು.

ಹನ್ನೆರಡು ಇಂಚಿನ ವಿನೈಲ್ ತಟ್ಟೆ ಇನ್ನೊಂದು ಕಾರಣ. ಒಂದು ಬದಿಗೆ ಒಂದೇ ಟ್ರ್ಯಾಕ್ ಹಾಕಿದರೆ ಗೆರೆಗಳ ನಡುವೆ ಜಾಗ ಜಾಸ್ತಿ ಸಿಗುತ್ತದೆ. ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು, ಗಟ್ಟಿಯಾಗಿ ಕೆತ್ತಬಹುದು. ಒಂದೇ ಬದಿಗೆ ಐದಾರು ಹಾಡು ತುರುಕಿದರೆ ಗೆರೆ ಸಣ್ಣದಾಗುತ್ತದೆ, ಸದ್ದೂ ತೆಳು. ಕ್ಲಬ್‌ಗೆ ಬೇಕಾದದ್ದು ಮೊದಲನೆಯದು.

ಹಾಗಾಗಿ ಒಂದು ಟ್ರ್ಯಾಕನ್ನು ಒಂಟಿಯಾಗಿ ಕೇಳೋದಕ್ಕಿಂತ ಒಬ್ಬ ಡೀಜೆ ಬೆನ್ನುಬೆನ್ನಿಗೆ ನುಡಿಸುವ ಪೂರ್ತಿ ಸೆಟ್ ಕೇಳಿ ನೋಡಿ. ಎರ್ನಾನ್ ಕತ್ತಾನೆಯೋ ಸೆಟ್ ಆದರೆ ಇನ್ನೂ ಒಳ್ಳೆಯದು. ಅವರೂ ಬ್ಯೂನಸ್ ಐರಿಸ್‌ನವರೇ, 1965ರಲ್ಲಿ ಹುಟ್ಟಿದವರು. ಅಲ್ಲಿನ ಪಾಚಾ ಕ್ಲಬ್‌ನಲ್ಲಿ ನುಡಿಸುತ್ತಿದ್ದವರನ್ನು ಬ್ರಿಟನ್ನಿನ ಡೀಜೆ ಪಾಲ್ ಓಕನ್‌ಫೋಲ್ಡ್ ಕೇಳಿ ಹೊರದೇಶಕ್ಕೆ ಕರೆದುಕೊಂಡು ಹೋದರು. 2009ರಲ್ಲಿ ಸುಡ್‌ಬೀಟ್ ಅನ್ನೋ ತಮ್ಮದೇ ಲೇಬಲ್ (ರೆಕಾರ್ಡ್ ಹೊರತರುವ ಸಂಸ್ಥೆ) ಶುರು ಮಾಡಿದರು. ಅರ್ಜೆಂಟೀನಾದ ಎಷ್ಟೋ ಹೊಸ ಹುಡುಗರ ರೆಕಾರ್ಡ್ ಅದರಿಂದ ಹೊರಬಂದಿದೆ. 2018ರಲ್ಲಿ ತೆಯಾತ್ರೋ ಕೊಲೋನ್ ಅನ್ನೋ ಒಪೆರಾ ರಂಗಮಂದಿರದಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದರು. ಅವರ ಸೆಟ್‌ನಲ್ಲಿ ಒಂದು ಟ್ರ್ಯಾಕ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹುಡುಕಿ ನೋಡಿ. ಆ ಖಾಲಿ ಒಂದು ನಿಮಿಷದ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಮಲೆನಾಡಹುಡುಗಿ:

ಆವರ್ತದ ಲೆಕ್ಕ ಹೇಳಿದ್ದು ಬಹಳ ಉಪಯೋಗ ಆಯ್ತು. ತಾಳ ಕಲಿತವರಿಗೆ ಇದು ತಟ್ಟಂತ ಹೊಳೆಯುತ್ತದೆ. ಥ್ಯಾಂಕ್ಸ್.

ತಮಟೆಪ್ರಿಯ:

ಕ್ಯಾಸೆಟ್‌ಪೆಟ್ಟಿಗೆಯವರು ಕುಣಿಯುವವರ ನಡುವೆ ಹುಟ್ಟಿದ ಜೋಡಿ ಕೇಳಿದರಲ್ಲ, ನನ್ನ ಹತ್ತಿರ ಇದೆ. ಫ್ರಿಕ್‌ಸ್ಟೈಲರ್ಸ್. ಇವರು ರಾಜಧಾನಿಯವರಲ್ಲ, ಕೋರ್ದೋಬಾ ಊರಿನವರು. ರಫಾಯೆಲ್ ಕೈವಾನೋ ಮತ್ತು ಲಿಸಾಂದ್ರೋ ಸೋನಾ. ಬಣ್ಣ ಬಣ್ಣದ ವಿಗ್ ಹಾಕಿಕೊಂಡು ನುಡಿಸುತ್ತಾರೆ. ಇವರ ಹಿಂದೆ ಒಂದು ದೊಡ್ಡ ಕತೆ ಇದೆ.

ಆ ಕತೆ ಕುಂಬಿಯಾ ಅನ್ನೋ ಕುಣಿತದ ಸಂಗೀತದ್ದು. ಕುಂಬಿಯಾ ಹುಟ್ಟಿದ್ದು ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ. ಅಲ್ಲಿಂದ ಮೆಕ್ಸಿಕೋ, ಪೆರು, ಅರ್ಜೆಂಟೀನಾ ಎಲ್ಲ ಕಡೆ ಹೋಯಿತು. ಹೋದ ಕಡೆಯೆಲ್ಲ ಬೇರೆ ಬೇರೆ ರೂಪ ಪಡೆಯಿತು. ಅರ್ಜೆಂಟೀನಾದಲ್ಲಿ ಅದು ಬಡವರ ಬಡಾವಣೆಗಳ ಸಂಗೀತ ಆಯಿತು. 1990ರ ದಶಕದ ಕೊನೆಯಲ್ಲಿ ಕುಂಬಿಯಾ ವಿಷೇರಾ ಅಂತ ಒಂದು ಬಗೆ ಎದ್ದು ಬಂತು. ದಾಮಾಸ್ ಗ್ರಾತೀಸ್ ತಂಡದ ಪಾಬ್ಲೋ ಲೆಸ್ಕಾನೋ ಕುತ್ತಿಗೆಗೆ ಕೀಟಾರ್ (ಗಿಟಾರ್ ಥರ ಹಿಡಿಯುವ ಕೀಬೋರ್ಡ್) ತೂಗಿಹಾಕಿಕೊಂಡು ನುಡಿಸುವ ಆ ಸಂಗೀತ. ಪೊಲೀಸರು, ಹಸಿವು, ಅಮಲು, ಕೆಲಸ ಇಲ್ಲದ ದಿನಗಳು, ಎಲ್ಲ ಅದರಲ್ಲಿ ನೇರವಾಗಿ ಬರುತ್ತದೆ. ನಗರದ ಮಧ್ಯಮ ವರ್ಗದವರು ಬಹಳಷ್ಟು ಜನ ಅದನ್ನು ಕೀಳಾಗಿ ನೋಡಿದರು.

2006ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜಿಜೆಕ್ ಅನ್ನೋ ಪಾರ್ಟಿ ಶುರುವಾಯಿತು. ಸ್ಲೊವೇನಿಯಾದ ತತ್ವಜ್ಞಾನಿಯ ಹೆಸರು. ನಡೆಸಿದವರಲ್ಲಿ ಟೆಕ್ಸಾಸ್‌ನಿಂದ ಬಂದ ಗ್ರಾಂಟ್ ಡಲ್ ಮತ್ತು ಡೀಜೆ ವಿಷಾ ಡಿಯಮಾಂತೆ ಇದ್ದರು. ಅಲ್ಲಿ ಕುಂಬಿಯಾ, ಹಿಪ್‌ಹಾಪ್, ಜಮೈಕಾದ ಡ್ಯಾನ್ಸ್‌ಹಾಲ್, ಟೆಕ್ನೋ ಎಲ್ಲ ಒಂದೇ ರಾತ್ರಿ. 2008ರಲ್ಲಿ ಅದರಿಂದ ಝಡ್‌ಝಡ್‌ಕೆ ರೆಕಾರ್ಡ್ಸ್ ಹುಟ್ಟಿತು. ಫ್ರಿಕ್‌ಸ್ಟೈಲರ್ಸ್ ಈ ಲೇಬಲ್‌ನವರೇ. ಫೌನಾ ಅನ್ನೋ ಇನ್ನೊಂದು ಜೋಡಿಯೂ ಇಲ್ಲಿನದೇ. ಚಾಂಚಾ ವೀಯಾ ಸಿರ್ಕುಯಿತೋ ಅಂತ ಹೆಸರಿಟ್ಟುಕೊಂಡ ಪೆದ್ರೋ ಕಾನಾಲೆ ಒಬ್ಬರೇ ಮಾಡುತ್ತಾರೆ. ಅವರ 2010ರ 'ರೀಯೋ ಆರ್ರೀಬಾ' ದಯವಿಟ್ಟು ಕೇಳಿ. ಅವರು ರೀಮಿಕ್ಸ್ ಮಾಡಿದ ಹೋಸೆ ಲರ್ರಾಲ್ದೆಯ ಒಂದು ಜಾನಪದ ಶೈಲಿಯ ಹಾಡು 'ಬ್ರೇಕಿಂಗ್ ಬ್ಯಾಡ್' ಅನ್ನೋ ಅಮೆರಿಕದ ಟಿವಿ ಸರಣಿಯಲ್ಲಿ ಬಂದಿದೆ.

ಇನ್ನು ತಾಳಕ್ಕೆ ಬರೋಣ. ಹೌಸ್‌ನಲ್ಲಿ ನಾಲ್ಕೂ ಪೆಟ್ಟು ಒಂದೇ ತೂಕ. ಕುಂಬಿಯಾದಲ್ಲಿ ಹಾಗಲ್ಲ. ಗೂಯಿರೋ ಅನ್ನೋ ಗೀರುವ ವಾದ್ಯ 'ಚ್ಶ್ಶ್, ಚಿಕ ಚ್ಶ್ಶ್, ಚಿಕ' ಅಂತ ಓಡುತ್ತದೆ. ಒಂದು ಉದ್ದ, ಎರಡು ಗಿಡ್ಡ. ಬೇಸ್ ಒಂದು ಪೆಟ್ಟು ಹೊಡೆದು ಸ್ವಲ್ಪ ನಿಂತು, ಮತ್ತೆ ಎರಡು ಹೊಡೆಯುತ್ತದೆ. ವೇಗ ಹೌಸ್‌ಗಿಂತ ಕಡಿಮೆ, ಬಹಳ ಸಲ ನಿಮಿಷಕ್ಕೆ 90ರಿಂದ 100ರ ಆಸುಪಾಸು. ಈ ಎಳೆದಾಟವನ್ನು ಕಂಪ್ಯೂಟರ್‌ನ ನೇರ ಗೆರೆಗೆ ಕೂರಿಸಿದರೆ ಸತ್ತುಹೋಗುತ್ತದೆ. ಫ್ರಿಕ್‌ಸ್ಟೈಲರ್ಸ್ ಅದನ್ನು ಸಾಯಲು ಬಿಡುವುದಿಲ್ಲ. ಆಟಿಕೆ ಸದ್ದಿನಂಥ ಸಿಂಥ್ ಮೇಲೆ ಮೇಲೆ ಹಾರುತ್ತಿದ್ದರೂ ಕೆಳಗೆ ಆ ಗೀರು ಉಸಿರಾಡುತ್ತಲೇ ಇರುತ್ತದೆ. ನಾನು ತಮಟೆ ಬಡಿಯುವ ಮನೆಯಿಂದ ಬಂದವನು. ಇಂಥದ್ದು ಕೇಳಿದಾಗ ಕಾಲು ತಾನಾಗೇ ಏಳುತ್ತದೆ.

ಕ್ಯಾಸೆಟ್‌ಪೆಟ್ಟಿಗೆ:

ಇದು! ನಾನು ಕೇಳಿದ್ದು ಇದನ್ನೇ.

ಇನ್ನೊಂದು ಹೆಸರು ಸೇರಿಸುತ್ತೇನೆ. ಡೀಜೆಸ್ ಪರೇಹಾ. ಮಾರಿಯಾನೋ ಕಾಲೋಸೋ ಮತ್ತು ಡಿಯೇಗೋ ಇರಸುಸ್ತಾ. ಬ್ಯೂನಸ್ ಐರಿಸ್‌ನ ಹೌಸ್ ಜೋಡಿ. ಅವರ ರೆಕಾರ್ಡ್ ಕೋಮೆಮೆ ಲೇಬಲ್‌ನಲ್ಲಿ ಬಂದಿದೆ. ಆ ಲೇಬಲ್ ಕಟ್ಟಿದವರಲ್ಲಿ ಮುಖ್ಯರು ಮಾತಿಯಾಸ್ ಅಗ್ವಾಯೋ, ಚಿಲಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದವರು. ಅವರು ಲ್ಯಾಟಿನ್ ಅಮೆರಿಕದ ಊರುಗಳಲ್ಲಿ ಟೇಪ್ ರೆಕಾರ್ಡರ್ ಥರದ ಬೂಮ್‌ಬಾಕ್ಸ್‌ಗಳನ್ನು ಬೀದಿಯಲ್ಲಿಟ್ಟು ಪಾರ್ಟಿ ಮಾಡುತ್ತಿದ್ದರು. ಟಿಕೆಟ್ ಇಲ್ಲ, ಬಾಗಿಲು ಇಲ್ಲ. ದಾರಿಹೋಕರೂ ಬಂದು ಕುಣಿಯಬಹುದು.

ರಾತ್ರಿರೇಡಿಯೋ:

ತಮಟೆಪ್ರಿಯ ಅಣ್ಣ, ನಿಮ್ಮ ಬರಹ ನಿಜಕ್ಕೂ ಖುಷಿ ಕೊಟ್ಟಿತು. ನೀವಿಬ್ಬರೂ ಹೇಳಿದ್ದು ನಾನು ಹೇಳಬೇಕೆಂದಿದ್ದ ಇನ್ನೊಂದು ವಿಷಯಕ್ಕೆ ಬಂದು ಸೇರುತ್ತದೆ. ಅರ್ಜೆಂಟೀನಾದಲ್ಲಿ ಇಷ್ಟೊಂದು ಜೋಡಿಗಳು ಯಾಕೆ? ನನಗೆ ಕಾಣುವ ಕಾರಣ ಎರಡು. ಎರಡೂ ನೋವಿನವು.

ಮೊದಲನೆಯದು ದುಡ್ಡು. 1991ರಿಂದ ಅಲ್ಲಿನ ನಾಣ್ಯ ಪೆಸೋ, ಒಂದು ಪೆಸೋಗೆ ಒಂದು ಡಾಲರ್ ಅಂತ ಸರ್ಕಾರ ಕಟ್ಟಿಹಾಕಿತ್ತು. ಆಗ ಹೊರಗಿನ ವಿನೈಲ್, ಸ್ಯಾಂಪ್ಲರ್ (ಸದ್ದಿನ ಚೂರು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ), ಸಿಂಥ್ ಎಲ್ಲ ತರಿಸಿಕೊಳ್ಳಬಹುದಿತ್ತು. 2001ರ ಡಿಸೆಂಬರ್‌ನಲ್ಲಿ ಬ್ಯಾಂಕಿನಿಂದ ಹಣ ತೆಗೆಯೋದಕ್ಕೆ ಸರ್ಕಾರ ತಡೆ ಹಾಕಿತು, ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು. 2002ರ ಜನವರಿಯಲ್ಲಿ ಆ ಕಟ್ಟು ಹೋಯಿತು. ಅದೇ ವರ್ಷ ಒಂದು ಡಾಲರಿಗೆ ಮೂರು ಪೆಸೋ ದಾಟಿತು. ಲಂಡನ್ನಿನಿಂದ ಬರುವ ಒಂದು ರೆಕಾರ್ಡಿನ ಬೆಲೆ ಅಲ್ಲಿನ ಡೀಜೆಗೆ ಮೂರು ಪಟ್ಟಾಯಿತು ಅಂತ ಲೆಕ್ಕ ಹಾಕಿ. ಹೊರಗಿನಿಂದ ತರಿಸೋದು ಆಗದಿದ್ದರೆ ಇರೋ ಕಂಪ್ಯೂಟರಿನಲ್ಲಿ ತಾನೇ ಮಾಡಬೇಕು. ಐದು ಜನರ ತಂಡಕ್ಕೆ ರಿಹರ್ಸಲ್ ಜಾಗ, ವ್ಯಾನು, ಸೌಂಡ್ ಚೆಕ್ ಎಲ್ಲ ಬೇಕು. ಇಬ್ಬರಿಗೆ ಒಂದು ಮೇಜು ಸಾಕು.

ಎರಡನೆಯದು 2004ರ ಡಿಸೆಂಬರ್ 30. ಬ್ಯೂನಸ್ ಐರಿಸ್‌ನ ಓನ್ಸೆ ಪ್ರದೇಶದ ರೆಪೂಬ್ಲಿಕಾ ಕ್ರೋಮಾನ್ಯೋನ್ ಸಭಾಂಗಣದಲ್ಲಿ ರಾಕ್ ಕಾರ್ಯಕ್ರಮ ನಡೆಯುತ್ತಿತ್ತು. ಜನರ ಗುಂಪಿನಿಂದ ಯಾರೋ ಪಟಾಕಿ ಹೊತ್ತಿಸಿದರು. ಚಾವಣಿಗೆ ಬೆಂಕಿ ಹತ್ತಿತು, ವಿಷದ ಹೊಗೆ ತುಂಬಿತು. ತುರ್ತು ಬಾಗಿಲು ಮುಚ್ಚಿ ಕಟ್ಟಿಹಾಕಿದ್ದರು. 194 ಜನ ಸತ್ತರು. ಬಹಳಷ್ಟು ಮಂದಿ ಎಳೆಯ ವಯಸ್ಸಿನವರು. ನಗರದ ಮುಖ್ಯಸ್ಥ ಅನೀಬಾಲ್ ಇಬಾರ್ರಾ 2006ರಲ್ಲಿ ಅಧಿಕಾರ ಕಳೆದುಕೊಂಡರು. ದುರಂತ ಆದ ಕೂಡಲೇ ನಗರದ ಕ್ಲಬ್‌ಗಳನ್ನೆಲ್ಲ ಮುಚ್ಚಿಸಿದರು. ತಪಾಸಣೆ ಬಿಗಿಯಾಯಿತು. ಅದು ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ಜಾಗಗಳು ಆ ಹೊಡೆತ ತಡೆಯಲಾರದೆ ಹೋದವು. ತಂಡಗಳಿಗೆ ನುಡಿಸಲು ವೇದಿಕೆ ಕಮ್ಮಿಯಾಯಿತು. ಬೆನ್ನಿಗೆ ಚೀಲ ಹಾಕಿಕೊಂಡು ಯಾವ ಮೂಲೆಗಾದರೂ ಹೋಗಿ ನುಡಿಸಬಲ್ಲವರು ಉಳಿದರು. ಜಿಜೆಕ್ ಪಾರ್ಟಿ ಶುರುವಾದದ್ದು ಇದಾಗಿ ಎರಡು ವರ್ಷಕ್ಕೆ. ಇವೆರಡರ ನಡುವೆ ನಂಟಿದೆ ಅಂತ ನನ್ನ ನಂಬಿಕೆ.

2016ರ ಏಪ್ರಿಲ್‌ನಲ್ಲಿ ಮತ್ತೆ ಒಂದು ಪೆಟ್ಟು ಬಿತ್ತು. ಅದೇ ನಗರದ ಕೋಸ್ತಾ ಸಾಲ್ಗೆರೋದಲ್ಲಿ ನಡೆದ ಟೈಮ್ ವಾರ್ಪ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತ ಉತ್ಸವದಲ್ಲಿ ಐವರು ಯುವಕರು ಸತ್ತರು. ಮಾದಕ ವಸ್ತು, ಕಿಕ್ಕಿರಿದ ಜನ, ಸೆಕೆ, ಸಾಲದ ನೀರು, ಎಲ್ಲದರ ಬಗ್ಗೆಯೂ ಪ್ರಶ್ನೆ ಎದ್ದಿತು. ನಗರದಲ್ಲಿ ಎಲೆಕ್ಟ್ರಾನಿಕ್ ಪಾರ್ಟಿಗಳಿಗೆ ಕೆಲಕಾಲ ಅನುಮತಿಯೇ ಸಿಗಲಿಲ್ಲ. ಈ ಸಂಗೀತವನ್ನು ಪ್ರೀತಿಸುವವರು ಇದನ್ನು ಮರೆಯಬಾರದು. ಕುಡಿಯಲು ನೀರು, ತೆರೆದ ಬಾಗಿಲು, ಇವು ಒಳ್ಳೆಯ ಸ್ಪೀಕರ್‌ಗಿಂತ ಮೊದಲು ಬರಬೇಕು.

ಲೂಪ್‌ಮನೆ:

ಸ್ಟುಡಿಯೋ ಕಡೆಯಿಂದ ಒಂದು ಮಾತು. ಇಬ್ಬರು ಇದ್ದರೆ ಕೆಲಸ ಚೆನ್ನಾಗಿ ಹರಿಯುತ್ತದೆ. ಲೂಪ್ ಸಂಗೀತದಲ್ಲಿ ಒಬ್ಬರೇ ಕೂತರೆ ಎಂಟು ಆವರ್ತದ ಒಂದು ತುಣುಕನ್ನೇ ಗಂಟೆಗಟ್ಟಲೆ ಕೇಳುತ್ತ ಕೂರುತ್ತೀವಿ. ಕಿವಿ ಸೋತುಹೋಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ 'ಸಾಕು, ಈಗ ಬೇಸ್ ತೆಗಿ' ಅಂತಾರೆ. ಲೈವ್ ನುಡಿಸುವಾಗಲೂ ಒಬ್ಬರು ತಾಳ ಹಿಡಿದರೆ ಇನ್ನೊಬ್ಬರು ಮೇಲಿನ ಸದ್ದುಗಳ ಜೊತೆ ಆಡಬಹುದು.

ಎಚೆತೋ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ, ಅದು ಸರಿಯಲ್ಲ ಅನಿಸಿತು. ಅವರು ತುತ್ತೂರಿ ನುಡಿಸುವವರು. 'ಬೊಕಾನಾದಾ' ಕಾಲದ ಸೆರಾತಿ ಲೈವ್ ತಂಡದಲ್ಲೂ ಇದ್ದರು. ಆ ಆಲ್ಬಂ ಬಹುಪಾಲು ಸ್ಯಾಂಪ್ಲರ್ ಮೇಲೆ ನಿಂತಿದೆ. ಹಳೆ ರೆಕಾರ್ಡಿನ ಚೂರು ತೆಗೆದು, ಕತ್ತರಿಸಿ, ಸುತ್ತಿಸಿ ಕಟ್ಟಿದ್ದು. ಒಸಿಯೊ ಮತ್ತು 'ಬೊಕಾನಾದಾ' ಒಂದೇ ವರ್ಷದವು. ಎರಡನ್ನೂ ಒಂದೇ ಸಂಜೆ ಬೆನ್ನುಬೆನ್ನಿಗೆ ಕೇಳಿ. ಹಾಡಿನ ಹಿಂದೆ ಅಡಗಿದ್ದ ಯಂತ್ರ ಒಸಿಯೊದಲ್ಲಿ ಹೊರಗೆ ಬಂದು ಕೂತಿದೆ. ಸೆರಾತಿಯ ಇಡೀ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದ ವರ್ಷ ಅದು.

ಮಲೆನಾಡಹುಡುಗಿ:

ಇವನ್ನೆಲ್ಲ ಕೊಂಡುಕೊಳ್ಳೋದು ಹೇಗೆ? ಸ್ಟ್ರೀಮಿಂಗ್‌ನಲ್ಲಿ ಕೆಲವು ಇವೆ, ಕೆಲವು ಇಲ್ಲ. ಕಲಾವಿದರಿಗೆ ಏನಾದರೂ ತಲುಪಬೇಕು ಅನ್ನೋ ಆಸೆ ನನ್ನದು.

ತಮಟೆಪ್ರಿಯ:

ಬ್ಯಾಂಡ್‌ಕ್ಯಾಂಪ್ ನೋಡಮ್ಮ. ಲೇಬಲ್‌ಗಳು, ಕಲಾವಿದರು ಅಲ್ಲಿ ನೇರವಾಗಿ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ತಾಣ ಸಾಮಾನ್ಯವಾಗಿ ಶೇಕಡಾ 15 ಇಟ್ಟುಕೊಳ್ಳುತ್ತದೆ, ಪಾವತಿಯ ಖರ್ಚು ಬೇರೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಲ್ಲಿ ತನ್ನ ಪಾಲನ್ನೂ ಬಿಟ್ಟುಕೊಡುತ್ತ ಬಂದಿದೆ. ಆ ದಿನ ನೋಡಿ ಕೊಂಡರೆ ಅವರಿಗೆ ಇನ್ನೂ ಒಳ್ಳೆಯದು. ಹಾಡು ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ, ಇಟ್ಟುಕೊಳ್ಳಬಹುದು. ಹಳೆಯ ವಿನೈಲ್, ಸೀಡಿ ಯಾವ ವರ್ಷ ಯಾವ ಲೇಬಲ್‌ನಿಂದ ಬಂತು ಅಂತ ತಿಳಿಯಲು ಡಿಸ್ಕಾಗ್ಸ್ ಅನ್ನೋ ತಾಣ ನೋಡಿ. ಅಲ್ಲಿ ಲೇಬಲ್ ಹೆಸರಿನ ಮೇಲೆ ಒತ್ತಿದರೆ ಅದರ ಉಳಿದ ರೆಕಾರ್ಡ್‌ಗಳೆಲ್ಲ ಸಾಲಾಗಿ ಸಿಗುತ್ತವೆ. ಕಲಾವಿದರ ಹೆಸರಿಗಿಂತ ಲೇಬಲ್ ಹಿಡಿದು ಹೋದರೆ ಹೊಸದು ಜಾಸ್ತಿ ಸಿಗುತ್ತದೆ.

ಕ್ಯಾಸೆಟ್‌ಪೆಟ್ಟಿಗೆ:

ಕೊನೆಯದಾಗಿ ಒಂದು ಪ್ರಶ್ನೆ. ರೋಕೆನ್‌ನ ಆ ಲೆಯಾಂದ್ರೋ ಫ್ರೆಸ್ಕೋ ಆಮೇಲೆ ಏನಾದರು? ಒಸಿಯೊ ರೆಕಾರ್ಡ್ ಈಗ ತಾನೇ ಪೂರ್ತಿ ಕೇಳಿದೆ. ನಡುವೆ ಬೀಟ್ ಕರಗಿ ಬರೀ ಮಂಜಿನಂಥ ಸದ್ದು ಉಳಿಯುವ ಕಡೆಗಳು ಬಹಳ ಹಿಡಿಸಿದವು. ಅಂಥದ್ದು ಇನ್ನೂ ಬೇಕು.

ರಾತ್ರಿರೇಡಿಯೋ:

ಹಾಗಾದರೆ ನೀವು ಫ್ರೆಸ್ಕೋ ಕೇಳಲೇಬೇಕು. ಸೆರಾತಿ ಜೊತೆ ಕೀಬೋರ್ಡ್ ನುಡಿಸುತ್ತಿದ್ದವರು. ಅವರ ಸಂಗೀತ ಜರ್ಮನಿಯ ಕಲೋನ್ ನಗರದ ಕೊಂಪಾಕ್ಟ್ ಲೇಬಲ್ ಮೂಲಕ ಬಂದಿದೆ. ಅದರ ಪಾಪ್ ಆಂಬಿಯೆಂಟ್ (ನೀವು ಹೇಳಿದ ಮಂಜಿನಂಥ ಸಂಗೀತದ) ಸಂಕಲನಗಳಲ್ಲೂ ಅವರ ಹೆಸರು ಸಿಗುತ್ತದೆ. 2015ರಲ್ಲಿ 'ಎಲ್ ರೇಯ್ನೋ ಇನ್ವಿಸೀಬ್ಲೆ', 2017ರಲ್ಲಿ ರಫಾಯೆಲ್ ಆಂಟನ್ ಇರಿಸಾರಿ ಜೊತೆ 'ಲಾ ಎಕಿದಿಸ್ತಾನ್ಸಿಯಾ'. ಎರಡನೆಯದು ಮತ್ತೆ ಇಬ್ಬರದೇ.

ಸೆರಾತಿಗೆ 2010ರ ಮೇ 15ರಂದು ವೆನೆಜುವೆಲಾದ ಕರಾಕಾಸ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಪಾರ್ಶ್ವವಾಯು ಬಡಿಯಿತು. ನಾಲ್ಕು ವರ್ಷ ಕೋಮಾದಲ್ಲಿದ್ದು 2014ರ ಸೆಪ್ಟೆಂಬರ್ 4ರಂದು ಹೋದರು. ಅವರ ರಾಕ್ ಹಾಡುಗಳನ್ನು ಇವತ್ತಿಗೂ ಲಕ್ಷಾಂತರ ಜನ ಹಾಡುತ್ತಾರೆ, ಅದಕ್ಕೆ ನಮ್ಮ ಸಹಾಯ ಬೇಕಿಲ್ಲ. ಒಸಿಯೊಗೆ ಬೇಕು. ನಿಮಗೆ ಹಿಡಿಸಿದ ಆ ಕಡೆಗಳು ಯಾವ ಟ್ರ್ಯಾಕ್‌ನಲ್ಲಿ, ಎಷ್ಟನೇ ನಿಮಿಷದಲ್ಲಿ ಅಂತ ಇಲ್ಲೇ ಬರೆಯಿರಿ. ಲೂಪ್‌ಮನೆಯವರು ಅದನ್ನು ಹೇಗೆ ಮಾಡಿರಬಹುದು ಅಂತ ಬಿಡಿಸಿ ಹೇಳಲಿ.

ಲೂಪ್‌ಮನೆ:

ಖಂಡಿತ. ನಿಮಿಷ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ.